ಬೋರ್ಡಿನ ಮೇಲೆ ಅಪ್ಪ, ಗಲ್ಲಾದಲ್ಲಿ ಮಗ!

ಬೆಳ್ಳಾವಿ: ತುಮಕೂರಿನಿಂದ ಬಂದ ಬಸ್ಸು ಇಲ್ಲಿ ನಿಂತಾಗ ಕಿಟಕಿಯಿಂದ ತಲೆಯೆತ್ತಿ ನೋಡಿದರೆ ಅಂಗಡಿ ಬೋರ್ಡುಗಳ ಸಾಲು. ಟ್ರೇಡರ್ಸ್, ಅಂಡ್ ಸನ್ಸ್, ಬ್ರದರ್ಸ್. ಯಾವ ಊರಿಗೆ ಹೋದರೂ ಇದೇ ನೋಟ. ‘ಸನ್ಸ್’ ಎಂದಿರುವ ಕಡೆ ಸನ್ನುಗಳಿಗೇ ಮೊಮ್ಮಕ್ಕಳಾಗಿರುತ್ತಾರೆ. ‘ಬ್ರದರ್ಸ್’ ಪಾಲಾಗಿ ಯಾವ ಕಾಲವಾಯಿತೋ! ಬೋರ್ಡು ಹೇಳುವುದು ಒಂದು, ಕಚೇರಿಯ ಕಡತ ಹೇಳುವುದು ಇನ್ನೊಂದು.

‘ನಮ್ಮೂರಲ್ಲಿ ಯಾರು ಕೇಳ್ತಾರೆ ಬಿಡಿ ಸ್ವಾಮಿ’ ಎನ್ನುವವರೇ ಹೆಚ್ಚು. ನಿಜ, ವ್ಯಾಪಾರ ಸಲೀಸಾಗಿ ನಡೆಯುವ ತನಕ ಯಾರೂ ಕೇಳುವುದಿಲ್ಲ. ಬಾಕಿ ನಿಂತಾಗ, ಇಲ್ಲವೆ ಮನೆಯ ಯಜಮಾನ ತೀರಿಕೊಂಡಾಗ ಎಲ್ಲರೂ ಕೇಳುತ್ತಾರೆ.

ಅಣ್ಣ ತಮ್ಮ ಇಬ್ಬರು ಸೇರಿ ಕೊಬ್ಬರಿ ವ್ಯಾಪಾರ ಇಟ್ಟರೆನ್ನಿ. ಛಾಪಾ ಕಾಗದದಲ್ಲಿ ಕರಾರು ಬರೆಸಿ ಟ್ರಂಕಿನಲ್ಲಿಟ್ಟರೆ ಮುಗಿಯಿತು ಎಂಬುದು ಹಲವರ ಎಣಿಕೆ. ಮುಗಿಯಲಿಲ್ಲ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯಲ್ಲಿ ಫರ್ಮನ್ನು ನೋಂದಾಯಿಸಲೇಬೇಕೆಂಬ ಬಲವಂತವೇನೋ ಇಲ್ಲ. ಆದರೆ 69ನೇ ಕಲಂ ಬೇರೆ ದಾರಿಯಿಂದ ಗುದ್ದು ಕೊಡುತ್ತದೆ. ನೋಂದಣಿಯಿಲ್ಲದ ಫರ್ಮು ತನಗೆ ಬರಬೇಕಾದ ಬಾಕಿಗೆ ಹೊರಗಿನವನ ಮೇಲೆ ದಾವಾ ಹೂಡುವಂತಿಲ್ಲ. ಹೊರಗಿನವನು ಮಾತ್ರ ಫರ್ಮಿನ ಮೇಲೆ ಧಾರಾಳವಾಗಿ ಹೂಡಬಹುದು! ನೂರು ರೂಪಾಯಿ ಮೀರದ ಸಣ್ಣ ಬಾಬ್ತಿಗೆ ವಿನಾಯಿತಿ ಇದೆ. ಅದು 1932ರ ನೂರು ರೂಪಾಯಿ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ ಬೆಂಬಲ ಬೆಲೆಯೇ ಕ್ವಿಂಟಲಿಗೆ 12,100 ರೂಪಾಯಿ. ಅಂದರೆ ಒಂದು ಕಿಲೋ ಕೊಬ್ಬರಿ ಸಾಲ ಕೊಟ್ಟರೂ ವಿನಾಯಿತಿ ದಾಟಿ ಹೋಯಿತು.

ನೋಂದಣಿ ಇದ್ದರೂ ಸಾಲದು. ದಾವಾ ಹೂಡುವವರ ಹೆಸರು ಫರ್ಮುಗಳ ರಿಜಿಸ್ಟರಿನಲ್ಲಿ ಪಾಲುದಾರರೆಂದು ಕಾಣಬೇಕು. ಅಪ್ಪ ಬಿಟ್ಟ ಜಾಗಕ್ಕೆ ಮಗ ಬಂದು ಹತ್ತು ವರ್ಷ ಗಲ್ಲಾದಲ್ಲಿ ಕೂತಿದ್ದರೂ ರಿಜಿಸ್ಟರಿಗೆ ಅವನು ಅಪರಿಚಿತ. ಲಕ್ಷಗಟ್ಟಲೆ ಬಾಕಿ ಉಳಿಸಿಕೊಂಡ ಹೊರಊರಿನ ಗಿರಾಕಿಯ ವಕೀಲರು ಮೊದಲು ಹುಡುಕುವುದೇ ಈ ತೂತನ್ನು.

ಫರ್ಮು ಬಿಟ್ಟು ಹೋದವನ ಪಾಡು ಇನ್ನೂ ವಿಚಿತ್ರ. ತಮ್ಮ ಲೆಕ್ಕ ತೀರಿಸಿಕೊಂಡು ಬೆಂಗಳೂರು ಸೇರಿದ. ಅಣ್ಣ ಫರ್ಮಿನ ಹೆಸರಲ್ಲೇ ಸಾಲ ಎತ್ತಿದ. ತಮ್ಮ ನಿವೃತ್ತನಾದನೆಂದು ಸಾರ್ವಜನಿಕ ಪ್ರಕಟಣೆ ಕೊಟ್ಟಿರದಿದ್ದರೆ, ಅವನನ್ನು ಪಾಲುದಾರನೆಂದು ಬಲ್ಲ ಸಾಲಗಾರ ಅವನ ಬಾಗಿಲನ್ನೂ ತಟ್ಟಬಹುದು. ನೋಂದಾಯಿತ ಫರ್ಮಾದರೆ ರಿಜಿಸ್ಟ್ರಾರರಿಗೆ ನೋಟಿಸು ಕೊಡಬೇಕು, ರಾಜ್ಯಪತ್ರದಲ್ಲೂ ಜಿಲ್ಲೆಯಲ್ಲಿ ಓಡಾಡುವ ಒಂದು ದೇಶಭಾಷಾ ಪತ್ರಿಕೆಯಲ್ಲೂ ಹಾಕಿಸಬೇಕು. ಪತ್ರಿಕೆಯ ಮೂಲೆಯಲ್ಲಿ ಬರುವ ಆ ಪುಟ್ಟ ಅಕ್ಷರದ ಪ್ರಕಟಣೆಯನ್ನು ಬಸ್ಸಿನಲ್ಲಿ ಕೂತವರು ಯಾರೂ ಓದುವುದಿಲ್ಲ. ಓದಲಿ ಬಿಡಲಿ, ತಮ್ಮನ ಮನೆ ಉಳಿಸುವುದು ಅದೇ.

ಒಬ್ಬನದೇ ಅಂಗಡಿಯಾದರೆ ಈ ರಗಳೆ ಇಲ್ಲ. ಅಲ್ಲಿ ಕಾಟ ತೆರಿಗೆಯದು. ಜಿ.ಎಸ್.ಟಿ. ಜಾರಿಗೆ ಬಂದದ್ದು 2017ರ ಜುಲೈ 1ರಂದು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಖಡ್ಡಾಯ. ಆ ನಂಬರು ಯಜಮಾನರ ಪ್ಯಾನ್ ನಂಬರಿಗೆ ಅಂಟಿಕೊಂಡಿರುತ್ತದೆ. ಯಜಮಾನರು ತೀರಿಕೊಂಡ ಮೇಲೂ ಮಗ ಅದೇ ನಂಬರಿನಲ್ಲಿ ಬಿಲ್ಲು ಹರಿಯುತ್ತಿದ್ದರೆ ಸತ್ತವರು ವ್ಯಾಪಾರ ಮಾಡಿದಂತಾಯಿತು! ಮಗ ತನ್ನ ಹೆಸರಲ್ಲಿ ಹೊಸ ನೋಂದಣಿ ಪಡೆಯಬೇಕು, ಹಳೆಯದನ್ನು ರದ್ದು ಮಾಡಿಸಬೇಕು. ಕ್ರಮವಾಗಿ ಮಾಡಿದರೆ ಅಪ್ಪನ ಲೆಕ್ಕದಲ್ಲಿ ಉಳಿದಿರುವ ತೆರಿಗೆ ಜಮೆಯೂ ಮಗನಿಗೆ ವರ್ಗವಾಗುತ್ತದೆ. ಅಂಗಡಿಯ ಹೆಸರೋ ವಿಳಾಸವೋ ಬದಲಾದರೆ 15 ದಿನದೊಳಗೆ ತಿಳಿಸಬೇಕು.

ಇನ್ನು ಹೆಸರಿನ ಮಾತು. ಫರ್ಮಿಗೆ ‘ರಾಯಲ್’, ‘ಕಿಂಗ್’, ‘ಕ್ವೀನ್’, ‘ಎಂಪೈರ್’ ಎಂದೆಲ್ಲ ಇಡಬೇಕಾದರೆ ಇವತ್ತಿಗೂ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಬೇಕು. ದೊರೆಗಳು ಹೋದರೂ ಕಾಯ್ದೆಯಲ್ಲಿ ಅವರ ಪಹರೆ ಹೋಗಿಲ್ಲ. ಹೆಸರು ಸಿಕ್ಕಿತೆಂದು ಅದು ಸ್ವಂತವಾಗುವುದೂ ಇಲ್ಲ, ಅದಕ್ಕೆ ಟ್ರೇಡ್ ಮಾರ್ಕ್ ಬೇರೆ. ಹಾಲಿನ ‘ನಂದಿನಿ’ 1985ರಿಂದ, ಹೋಟೆಲಿನ ‘ನಂದಿನಿ ಡೀಲಕ್ಸ್’ 1989ರಿಂದ. ಹಾಲು ಮಹಾಮಂಡಲಕ್ಕೂ ಹೋಟೆಲಿನವರಿಗೂ ಹೆಸರಿಗಾಗಿ ನಡೆದ ವ್ಯಾಜ್ಯ ಹೈಕೋರ್ಟು ದಾಟಿ ದೆಹಲಿ ತಲುಪಿತು. 2018ರ ಜುಲೈ 26ರಂದು ಸುಪ್ರೀಂ ಕೋರ್ಟು ಹೋಟೆಲಿನವರ ಪರ ತೀರ್ಪಿತ್ತಿತು, ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಮಾತ್ರ ಆ ಗುರುತು ಸಲ್ಲದೆಂಬ ಕಟ್ಟಿನೊಂದಿಗೆ. ಟ್ರೇಡ್ ಮಾರ್ಕಿಗೂ ಹತ್ತು ವರ್ಷದ ವಾಯಿದೆ. ಮರೆತರೆ ಹೋಯಿತು.

ಬೋರ್ಡು ಬರೆಸುವವರು ಇನ್ನೊಂದು ನೋಡಿಕೊಳ್ಳಬೇಕು: 2024ರ ತಿದ್ದುಪಡಿಯಂತೆ ಶೇಕಡ 60 ಭಾಗ ಕನ್ನಡವಿರಬೇಕು, ಅದೂ ಮೇಲುಭಾಗದಲ್ಲಿ. ಇಂಗ್ಲಿಷಿನ ಕಾಗುಣಿತದ್ದು ಬೇರೆಯೇ ಫಜೀತಿ. 2014ರ ನವೆಂಬರಿನಲ್ಲಿ ‘ಟುಮ್ಕೂರ್’ ಹೋಗಿ ‘ತುಮಕೂರು’ ಬಂತು. ಬ್ಯಾಂಕಿನ ಪುಸ್ತಕದಲ್ಲಿ ಒಂದು, ಲೈಸೆನ್ಸಿನಲ್ಲಿ ಇನ್ನೊಂದು ಇದ್ದರೆ ‘ಇದೂ ಅದೂ ಒಂದೇ ಊರು’ ಎಂದು ಅಫಿಡವಿಟ್ ಮಾಡಿಸುವ ಕಾಲ ಬರಬಹುದು.

ಫರ್ಮುಗಳ ರಿಜಿಸ್ಟರು ಗುಟ್ಟಿನ ಪುಸ್ತಕವಲ್ಲ. ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲನ್ನೂ ಪಡೆಯಬಹುದು. ಸಂತೆ ದಿನ ಬಿಟ್ಟು ಇನ್ನೊಂದು ದಿನ ತುಮಕೂರಿನ ಬಸ್ಸು ಹತ್ತಿ ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಗೆ ಹೋದರೆ, ತಮ್ಮ ಫರ್ಮಿನ ಮುಂದೆ ಈಗಲೂ ಅಜ್ಜನ ಹೆಸರೇ ಇದೆಯೋ ಹೇಗೆ ಎಂದು ಕಣ್ಣಾರೆ ನೋಡಿ, ಮಧ್ಯಾಹ್ನದ ವ್ಯಾಪಾರಕ್ಕೆ ವಾಪಸ್ಸು ಬರಬಹುದು.