ದೋಣಿ ಎಳೆದುಕೊಂಡು ಟೌಪೋಗೆ

ಆಕ್ಲೆಂಡಿನಿಂದ ಟೌಪೋ ಸರೋವರಕ್ಕೆ ಸುಮಾರು 280 ಕಿ.ಮೀ. ದಾರಿ. ಕಾರಿನ ಹಿಂದೆ ಭಾರೀ ದೋಣಿ. ನ್ಯೂಜಿಲೆಂಡಿನಲ್ಲಿ ಟ್ರೇಲರ್ ಎಳೆಯುವ ಕಾರು ಹೆದ್ದಾರಿಯಲ್ಲೂ ಗಂಟೆಗೆ 90 ಕಿ.ಮೀ. ದಾಟುವಂತಿಲ್ಲ. ತೂಕ 2,000 ಕಿಲೋ ಮೀರಿದರೆ ಟ್ರೇಲರಿಗೂ ಬ್ರೇಕ್ ಬೇಕೇ ಬೇಕು.

ಹಿಂಬದಿ ಭಾರ ಹೆಚ್ಚಾದರೆ ಟ್ರೇಲರ್ ಅತ್ತಿತ್ತ ಓಲಾಡತೊಡಗುತ್ತದೆ. ಆಗ ಗಾಬರಿಯಿಂದ ಬ್ರೇಕ್ ತುಳಿಯಬೇಡಿ. ಸ್ಟೇರಿಂಗ್ ನೇರ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ಮೆಲ್ಲಗೆ ತೆಗೆಯಿರಿ.

ನಡುವೆ ನಿಲ್ಲಿಸಿದಾಗ ಚಕ್ರದ ಹಬ್‌ಗಳ ಹತ್ತಿರ ಕೈಯೊಡ್ಡಿ ನೋಡಿ. ಒಂದು ಮಾತ್ರ ವಿಪರೀತ ಬಿಸಿಯೇ? ಬೇರಿಂಗ್ ಕೆಡುತ್ತಿರಬಹುದು, ಇಲ್ಲವೇ ಬ್ರೇಕ್ ಹಿಡಿದುಕೊಂಡಿರಬಹುದು. ಹಾಗೇ ಮುಂದುವರಿಯಬೇಡಿ, ದಯವಿಟ್ಟು.

ಸರೋವರ ಕಂಡ ಖುಷಿಯಲ್ಲಿ ಟ್ರೇಲರನ್ನು ಸೀದಾ ನೀರಿಗಿಳಿಸಲೂಬೇಡಿ. ಬಿಸಿ ಹಬ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ, ಸೀಲ್ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ; ಗ್ರೀಸ್ ಹಾಳಾಗುತ್ತದೆ. ಹಬ್ ಆರಿದ ಮೇಲೆಯೇ ದೋಣಿ ಇಳಿಸಿ.