ಸ್ಪೀಡೋಮೀಟರ್ ಮುಳ್ಳು ಏಳ್ತಿಲ್ವಾ? ಮೀಟರ್ ಬದಲಾಯಿಸೋ ಮೊದಲು ಗೇರ್‌ಬಾಕ್ಸ್ ಮೇಲೆ ಈ ಸೆನ್ಸರ್ ಹುಡುಕಿ

ಕಳೆದ ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿದು ಹೆಬ್ರಿ ಸೇರುವಷ್ಟರಲ್ಲಿ ನಮ್ಮ ಹಳೇ ಆಲ್ಟೊ ಕಾರಿನ ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬಂದು ಕೂತುಬಿಟ್ಟಿತ್ತು. ಮರುದಿನ ಗ್ಯಾರೇಜಿಗೆ ಒಯ್ದರೆ ಬಾನೆಟ್ ಕೂಡ ಎತ್ತದೆ, "ಮೀಟರ್ ಬೋರ್ಡೇ ಹೋಗಿದೆ, ಪೂರ್ತಿ ಬದಲಾಯಿಸಬೇಕು" ಅಂದರು. ನಿಜವಾಗಿ ಹೋಗಿದ್ದು ಮೀಟರ್ ಅಲ್ಲ. ಗೇರ್‌ಬಾಕ್ಸ್ ಮೇಲಿರುವ ಹೆಬ್ಬೆರಳು ಗಾತ್ರದ ಸ್ಪೀಡ್ ಸೆನ್ಸರ್‌ನ ಪ್ಲಗ್ಗಿಗೆ ನೀರು ಹೊಕ್ಕು ಹಸಿರು ಕಿಲುಬು ಹಿಡಿದಿತ್ತು, ಅಷ್ಟೇ.

ಮೊದಲು ಒಂದು ಸುಲಭ ಪರೀಕ್ಷೆ ಮಾಡಿ. ಮುಳ್ಳು ಸತ್ತಿದ್ದರೂ ಕಿಲೋಮೀಟರ್ ಅಂಕಿ ಏರುತ್ತಿದ್ದರೆ ಸೆನ್ಸರ್ ಸರಿಯಿದೆ, ತೊಂದರೆ ಮೀಟರಿನಲ್ಲೇ ಇದೆ ಅಂತ ತಿಳಿಯಬಹುದು. ಮುಳ್ಳು, ಅಂಕಿ ಎರಡೂ ನಿಂತಿದ್ದರೆ ಮೊದಲು ಸೆನ್ಸರ್ ಕಡೆ ನೋಡಿ. ಸ್ಕ್ಯಾನರ್ ಹಾಕಿದಾಗ ಪಿ0500 ಅನ್ನೋ ಕೋಡ್ ಬಂದರೆ ಅನುಮಾನ ಇನ್ನೂ ಗಟ್ಟಿ. ಕೆಲವು ಕಾರುಗಳಲ್ಲಿ ಬ್ರೇಕ್ ಹಾಕಿ ನಿಲ್ಲಿಸುವಾಗ ಎಂಜಿನ್ ಆಫ್ ಆಗೋದೂ ಉಂಟು. ಯಾಕಂದರೆ ಇದೇ ಸಿಗ್ನಲ್ ಎಂಜಿನ್ ಕಂಪ್ಯೂಟರಿಗೂ ಹೋಗುತ್ತದೆ.

ಹಾಗಂತ ಎಲ್ಲ ಕಾರಲ್ಲೂ ಗೇರ್‌ಬಾಕ್ಸ್ ತಡಕಾಡಬೇಡಿ. ಎಬಿಎಸ್ ಇರುವ ಎಷ್ಟೋ ಕಾರುಗಳಲ್ಲಿ ವೇಗದ ಲೆಕ್ಕ ಚಕ್ರದ ಬಳಿ ಇರುವ ಸೆನ್ಸರ್‌ಗಳಿಂದಲೇ ಬರುತ್ತದೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ ಆಗಿರೋದರಿಂದ, ಇಲ್ಲಿ ಹೇಳ್ತಿರೋದು ಮುಖ್ಯವಾಗಿ ಅದಕ್ಕಿಂತ ಹಳೆಯ ಮ್ಯಾನುವಲ್ ಗೇರಿನ ಸಣ್ಣ ಕಾರುಗಳಿಗೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆದರೆ ಒಳಬರುವ, ಹೊರಹೋಗುವ ವೇಗಕ್ಕೆ ಬೇರೆ ಬೇರೆ ಸೆನ್ಸರ್ ಇರುತ್ತವೆ. ಅದನ್ನು ತಿಳಿದವರಿಗೇ ಬಿಡಿ.

ಎಲ್ಲಿರುತ್ತೆ? ಮುಂದಿನ ಚಕ್ರಕ್ಕೆ ಪವರ್ ಹೋಗುವ ಕಾರಿನಲ್ಲಿ, ಚಕ್ರದಿಂದ ಒಳಗೆ ಬರುವ ಆಕ್ಸಲ್ ಶಾಫ್ಟನ್ನು ಕಣ್ಣಲ್ಲೇ ಹಿಂಬಾಲಿಸಿ. ಅದು ಗೇರ್‌ಬಾಕ್ಸಿಗೆ ಸೇರುವ ಕಡೆ ಹೊಟ್ಟೆ ಉಬ್ಬಿದಂಥ ಭಾಗ ಕಾಣುತ್ತದೆ, ಅದೇ ಡಿಫರೆನ್ಷಿಯಲ್. ಸೆನ್ಸರ್ ಸಾಮಾನ್ಯವಾಗಿ ಅದರ ಮೇಲ್ಭಾಗದಲ್ಲಿ, ಎಷ್ಟೋ ಸಲ ಎಂಜಿನ್ ಹಿಂದಿನ ಗೋಡೆಯ ಕಡೆಗೆ ನೆಟ್ಟಗೆ ಕೂತಿರುತ್ತದೆ. ಮೇಲಿನಿಂದ ಕಾಣಲು ಏರ್ ಫಿಲ್ಟರ್ ಪೈಪೋ ಬ್ಯಾಟರಿಯೋ ತೆಗೆಯಬೇಕಾಗಬಹುದು. ಬೊಲೆರೊ ಥರ ಹಿಂದಿನ ಚಕ್ರ ತಿರುಗುವ ಗಾಡಿಯಾದರೆ ಗೇರ್‌ಬಾಕ್ಸಿನ ಬಾಲದ ತುದಿಯಲ್ಲಿ, ಪ್ರೊಪೆಲ್ಲರ್ ಶಾಫ್ಟ್ ಹೊರಡುವ ಜಾಗದ ಹತ್ತಿರ ಹುಡುಕಿ.

ಹೆಚ್ಚಿನವರು ಎಡವೋದು ಇಲ್ಲೇ: ರಿವರ್ಸ್ ಲೈಟ್ ಸ್ವಿಚ್ಚನ್ನೇ ಸ್ಪೀಡ್ ಸೆನ್ಸರ್ ಅಂದ್ಕೋತಾರೆ. ಅದೂ ಗೇರ್‌ಬಾಕ್ಸ್ ಮೇಲೇ ಇರುತ್ತೆ. ಆದರೆ ಅದಕ್ಕೆ ಎರಡೇ ವೈರು, ಬುಡದಲ್ಲಿ ಸ್ಪ್ಯಾನರ್ ಹಾಕಿ ತಿರುಗಿಸೋ ನಟ್ಟಿನ ಆಕಾರ. ಸ್ಪೀಡ್ ಸೆನ್ಸರ್ ಆದರೆ ಈ ಕಾರುಗಳಲ್ಲಿ ಹೆಚ್ಚಾಗಿ ಮೂರು ವೈರಿನದು, ಪಕ್ಕದಲ್ಲಿ ಒಂದೇ ಒಂದು ಬೋಲ್ಟ್ ಹಿಡಿದಿರುತ್ತದೆ.

ಸಿಕ್ಕಿತಾ? ತಕ್ಷಣ ಬಿಚ್ಚಬೇಡಿ. ಎಂಜಿನ್ ತಣ್ಣಗಿರುವಾಗ ಪ್ಲಗ್ ಮಾತ್ರ ತೆಗೆದು ಒಳಗೆ ನೋಡಿ. ಕಿಲುಬಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಮತ್ತೆ ಹಾಕಿ ಓಡಿಸಿ ನೋಡಿ. ವೈರನ್ನೂ ಒಂದು ಗೇಣು ದೂರ ಸವರಿಕೊಂಡು ಹೋಗಿ. ತೋಟದ ಮನೆ ಶೆಡ್ಡಲ್ಲಿ ನಿಲ್ಲೋ ಕಾರಾದರೆ ಇಲಿ ಕಡಿದಿರೋ ಸಾಧ್ಯತೆ ಬಹಳ.

ಇನ್ನೂ ಸರಿಹೋಗದಿದ್ದರೆ ಮಲ್ಟಿಮೀಟರ್ ಬೇಕು. ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರ ಮಾತ್ರ ಎತ್ತಿ, ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕಾರಿನಡಿ ತಲೆ ಹಾಕಬೇಡಿ, ಇದು ಜೀವದ ಪ್ರಶ್ನೆ. ಗೇರ್ ನ್ಯೂಟ್ರಲ್, ಕೀ ಆನ್, ಎಂಜಿನ್ ಆಫ್. ಪ್ಲಗ್ ಹಾಕಿದ್ದಾಗಲೇ ಅದರ ಹಿಂಬದಿಯಿಂದ ಸಿಗ್ನಲ್ ವೈರಿಗೆ ಮೀಟರ್ ಹಿಡಿದು, ಇನ್ನೊಬ್ಬರಿಂದ ಚಕ್ರ ನಿಧಾನಕ್ಕೆ ತಿರುಗಿಸಿ. ವೋಲ್ಟೇಜ್ ಏರಿಳಿದರೆ ಸೆನ್ಸರ್ ಜೀವಂತ. ಕರೆಂಟ್ ಬಂದೂ ಸಿಗ್ನಲ್ ಅಲ್ಲಾಡದಿದ್ದರೆ ಸೆನ್ಸರ್ ಇಲ್ಲವೇ ಅದರ ಬುಡದ ಪ್ಲಾಸ್ಟಿಕ್ ಗೇರು ಹೋಗಿದೆ. ಕರೆಂಟೇ ಬರದಿದ್ದರೆ ಫ್ಯೂಸ್, ವೈರಿಂಗ್ ನೋಡಿ, ಹೊಸ ಸೆನ್ಸರ್ ತಂದು ದುಡ್ಡು ದಂಡ ಮಾಡಬೇಡಿ.

ಬಿಚ್ಚಲೇಬೇಕಾದಾಗ ಸುತ್ತಲಿನ ಕೆಸರು ಚೆನ್ನಾಗಿ ಒರೆಸಿ, ಆ ತೂತಿನ ಕೆಳಗೇ ಗೇರುಗಳಿವೆ. ಹೊಸದರ ಗೇರಿನ ಹಲ್ಲುಗಳ ಸಂಖ್ಯೆ ಹಳೆಯದಕ್ಕೆ ಸರಿಹೊಂದುತ್ತಾ ಅಂತ ಅಂಗಡಿಯಲ್ಲೇ ಎಣಿಸಿ. ಇಲ್ಲದಿದ್ದರೆ ಮೀಟರ್ ತಪ್ಪು ವೇಗ ತೋರಿಸುತ್ತೆ. ರಬ್ಬರ್ ಓ-ರಿಂಗಿಗೆ ಸ್ವಲ್ಪ ಗೇರ್ ಆಯಿಲ್ ಸವರಿ ಕೂರಿಸಿ.

ಅಂದಹಾಗೆ, ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗಲೂ ಈ ಪ್ಲಗ್ ಮೇಲೆ ಒಂದು ಕಣ್ಣಿಡಿ. ಅದನ್ನು ಕಿತ್ತಿಟ್ಟು ಓಡಿಸಿದರೆ ಅಷ್ಟು ದಿನದ ಕಿಲೋಮೀಟರ್ ಮೀಟರಿನಲ್ಲಿ ಏರೋದೇ ಇಲ್ಲ. ಇಡೀ ಗೇರ್‌ಬಾಕ್ಸ್ ಧೂಳು ಹಿಡಿದಿದ್ದು ಈ ಪ್ಲಗ್ ಮಾತ್ರ ಹೊಳೀತಿದ್ರೆ, ಯಾಕೆ ಅಂತ ಕೇಳಿ.