ಸಹಿಯ ಬೆಲೆ ತೆತ್ತ ಪಿಯಾನೋ ಗಾಯಕ

ನಮ್ಮ ಧರ್ಮಕೇಂದ್ರಗಳ ಗಾನವೃಂದಗಳಲ್ಲಿ ಕೀಬೋರ್ಡ್ ನುಡಿಸುವ ಮಕ್ಕಳಿಗೆ ಕೊರತೆಯಿಲ್ಲ. ಅವರಲ್ಲಿ ಕೆಲವರು ತಾವೇ ಪದ ಕಟ್ಟಿ, ರಾಗ ಹೊಂದಿಸಿ ಹಾಡುವುದೂ ಉಂಟು. ಅಂಥವರಲ್ಲೊಬ್ಬ 'ಇದೇ ನನ್ನ ವೃತ್ತಿ' ಎಂದ ದಿನ ಮನೆಯಲ್ಲಿ ಮೌನ ಕವಿಯುತ್ತದೆ. ಹೊಟ್ಟೆಪಾಡಿನ ಚಿಂತೆ ತಂದೆತಾಯಿಯರನ್ನು ಕಾಡುವುದು ಸಹಜವೇ. ಆದರೆ ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಅವನು ಯಾವ ಕಾಗದಕ್ಕೆ ಸಹಿ ಹಾಕಲಿದ್ದಾನೆ? ಅಮೆರಿಕದ ಪಿಯಾನೋ ವಾದಕ, ಗೀತರಚನಕಾರ, ಗಾಯಕ ಬಿಲ್ಲಿ ಜೋಯಲ್ ಅವರ ಆರಂಭದ ವರ್ಷಗಳನ್ನು ನೋಡುವಾಗ ನಮಗೆ ಈ ಪ್ರಶ್ನೆಯೇ ಮತ್ತೆ ಮತ್ತೆ ಎದುರಾಗುತ್ತದೆ.

1949ರ ಮೇ 9ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಜನಿಸಿದ ಜೋಯಲ್ ಬೆಳೆದದ್ದು ಲಾಂಗ್ ಐಲೆಂಡಿನ ಹಿಕ್ಸ್‌ವಿಲ್ ಎಂಬ ಊರಿನಲ್ಲಿ. ತಂದೆ ನಾಜಿಗಳ ಕಾಲದಲ್ಲಿ ಜರ್ಮನಿಯನ್ನು ತೊರೆದು ಬಂದ ಯೆಹೂದ್ಯ ಕುಟುಂಬದವರು, ಶಾಸ್ತ್ರೀಯ ಪಿಯಾನೋ ಬಲ್ಲವರು. 1957ರಲ್ಲಿ ತಂದೆತಾಯಿ ಬೇರೆಯಾದರು. ತಾಯಿ ರೊಸಾಲಿಂಡ್ ಕೈ ಬಿಗಿಯಿದ್ದರೂ ಮಗನ ಪಿಯಾನೋ ಪಾಠವನ್ನು ಬಿಡಿಸಲಿಲ್ಲ. ಹರೆಯದಲ್ಲಿಯೇ ಆತ ರಾತ್ರಿ ಪಾನಗೃಹದಲ್ಲಿ ನುಡಿಸಿ ಮನೆಗೆ ಹಣ ತರುತ್ತಿದ್ದ. ಹಾಗೊಂದು ರಾತ್ರಿಯ ಮರುದಿನ ಇಂಗ್ಲಿಷ್ ಪರೀಕ್ಷೆ ತಪ್ಪಿಹೋಗಿ 1967ರಲ್ಲಿ ಶಾಲೆಯ ಪ್ರಮಾಣಪತ್ರವೂ ಕೈತಪ್ಪಿತು. ಅದು ದೊರೆತದ್ದು 1992ರಲ್ಲಿ. (ಪರೀಕ್ಷೆಯ ದಿನಗಳಲ್ಲಿ ಈ ಭಾಗವನ್ನು ಮಕ್ಕಳಿಗೆ ಓದಿ ಹೇಳಬೇಕಾಗಿಲ್ಲ.)

ಅವರು ಒಬ್ಬಂಟಿ ಗಾಯಕನಾಗಿ ಹೊರತಂದ ಮೊದಲ ಧ್ವನಿಮುದ್ರಿಕೆ 'ಕೋಲ್ಡ್ ಸ್ಪ್ರಿಂಗ್ ಹಾರ್ಬರ್' 1971ರಲ್ಲಿ ಬಂತು. ಅದಕ್ಕಾಗಿ ನಿರ್ಮಾಪಕ ಆರ್ಟಿ ರಿಪ್ ಅವರ ಸಂಸ್ಥೆಯೊಡನೆ ಮಾಡಿಕೊಂಡ ಕರಾರಿನಲ್ಲಿ ಆ ಯುವಕ ತನ್ನ ಹಾಡುಗಳ ಹಕ್ಕನ್ನೇ ಬರೆದುಕೊಟ್ಟಿದ್ದ. ಸಾಲದೆಂಬಂತೆ, ತಾಂತ್ರಿಕ ದೋಷದಿಂದ ಮುದ್ರಿಕೆಯ ವೇಗ ಹೆಚ್ಚಾಗಿ ಅವನ ದನಿ ಸಹಜಕ್ಕಿಂತ ಕೀರಲಾಗಿ ಕೇಳಿಸಿತು. ವೇಗವನ್ನು ಸರಿಪಡಿಸಿದ ಆವೃತ್ತಿ ಮಾರುಕಟ್ಟೆಗೆ ಬರಲು 1983ರವರೆಗೆ ಕಾಯಬೇಕಾಯಿತು.

ಹಾಡಿನ ಹಕ್ಕೆಂದರೇನೆಂದು ಇಲ್ಲಿ ಸ್ವಲ್ಪ ನಿಂತು ಹೇಳುವುದು ಒಳಿತು. ಒಂದು ಧ್ವನಿಮುದ್ರಿಕೆಯಲ್ಲಿ ಎರಡು ಆಸ್ತಿಗಳಿವೆ: ಮುದ್ರಣಗೊಂಡ ದನಿ ಒಂದು, ಹಾಡಿನ ಪದ ಮತ್ತು ರಾಗ ಇನ್ನೊಂದು. ಆ ಹಾಡನ್ನು ನಾಳೆ ಬೇರೊಬ್ಬರು ಹಾಡಿ ಮುದ್ರಿಸಿದರೂ ಎರಡನೆಯದರ ಒಡೆಯನಿಗೆ ಪಾಲು ಸಲ್ಲುತ್ತದೆ. ತಾನೇ ಬರೆದು ಹಾಡುವವನಿಗೆ ಇದು ಹೊಲವಿದ್ದಂತೆ. ಮುದ್ರಿಕೆಯ ಮಾರಾಟ ಒಂದು ವರ್ಷದ ಫಸಲು ಮಾತ್ರ. ಜೋಯಲ್ ಫಸಲಿನ ಆಸೆಗೆ ಹೊಲವನ್ನೇ ಕೊಟ್ಟಿದ್ದರು.

ಕರಾರಿನಿಂದ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತ ಅವರು 1972ರಲ್ಲಿ ಲಾಸ್ ಏಂಜಲಿಸ್‌ಗೆ ಹೋದರು. ಅಲ್ಲಿ 'ಎಕ್ಸಿಕ್ಯುಟಿವ್ ರೂಮ್' ಎಂಬ ಪಾನಗೃಹದಲ್ಲಿ ಸುಮಾರು ಆರು ತಿಂಗಳು ಬಿಲ್ ಮಾರ್ಟಿನ್ ಎಂಬ ಹೆಸರಿನಲ್ಲಿ ಪಿಯಾನೋ ನುಡಿಸಿದರು. ಗಿರಾಕಿಗಳು ಕೇಳಿದ ಹಳೆಯ ಹಾಡುಗಳನ್ನು ನುಡಿಸುತ್ತಲೇ ಅವರ ಮುಖಗಳನ್ನೂ ಓದಿದರು. ಆ ಮುಖಗಳೇ 'ಪಿಯಾನೋ ಮ್ಯಾನ್' ಗೀತೆಯ ಪಾತ್ರಗಳಾದವು. ಇತ್ತ ಫಿಲಡೆಲ್ಫಿಯಾದ ಒಂದು ರೇಡಿಯೋ ಕೇಂದ್ರ 1972ರ ಏಪ್ರಿಲ್‌ನಲ್ಲಿ ಅವರ ಕಛೇರಿಯನ್ನು ಬಿತ್ತರಿಸಿತ್ತು. ಅದರಲ್ಲಿದ್ದ 'ಕ್ಯಾಪ್ಟನ್ ಜ್ಯಾಕ್' ಹಾಡನ್ನು ಶ್ರೋತೃಗಳು ಮತ್ತೆ ಮತ್ತೆ ಕೇಳಿ ಹಾಕಿಸುತ್ತಿದ್ದರು. ಕೊಲಂಬಿಯಾ ಕಂಪೆನಿ ಅವರನ್ನು ಸೇರಿಸಿಕೊಂಡಿತು. ಆದರೂ ಹಳೆಯ ಸಹಿ ಬಿಡಲಿಲ್ಲ. ಹೊಸ ಕಂಪೆನಿಯ ಮುದ್ರಿಕೆಗಳ ಮಾರಾಟದಲ್ಲೂ ರಿಪ್ ಅವರಿಗೆ ಪಾಲು ಸಲ್ಲುತ್ತಿತ್ತು.

'ಪಿಯಾನೋ ಮ್ಯಾನ್' 1974ರಲ್ಲಿ ಅಮೆರಿಕದ ಪಟ್ಟಿಯಲ್ಲಿ 25ನೆಯ ಸ್ಥಾನವನ್ನಷ್ಟೇ ಮುಟ್ಟಿತು. ಅನಂತರದ ಎರಡು ಮುದ್ರಿಕೆಗಳು ಸಪ್ಪೆಯಾದವು. ಬೀಟಲ್ಸ್ ತಂಡದ ಖ್ಯಾತ ನಿರ್ಮಾಪಕ ಜಾರ್ಜ್ ಮಾರ್ಟಿನ್ ಮುಂದಿನದನ್ನು ಮಾಡಿಕೊಡಲು ಒಲವು ತೋರಿದರು. ಆದರೆ ಜೋಯಲ್ ಅವರ ತಂಡದವರನ್ನು ಬಿಟ್ಟು ಬೇರೆ ವಾದ್ಯಗಾರರನ್ನು ಕೂರಿಸಬೇಕೆಂಬುದು ಅವರ ಅಭಿಪ್ರಾಯ. ಸೋಲಿನ ಅಂಚಿನಲ್ಲಿದ್ದ ಗಾಯಕ ಅದಕ್ಕೆ ಒಪ್ಪಲಿಲ್ಲ! ಅವರ ಇಡೀ ಕಥೆಯಲ್ಲಿ ನಾವು ಹೆಚ್ಚು ಮೆಚ್ಚುವುದು ಈ ನಿರಾಕರಣೆಯನ್ನೇ. ಜೊತೆಗಾರರನ್ನು ಉಳಿಸಿಕೊಂಡ ಫಿಲ್ ರಾಮೋನ್ ಅವರ ನಿರ್ಮಾಣದಲ್ಲಿ 1977ರಲ್ಲಿ 'ದ ಸ್ಟ್ರೇಂಜರ್' ಹೊರಬಂತು. ಅಮೆರಿಕದಲ್ಲೇ ಅದರ ಮಾರಾಟ ಒಂದು ಕೋಟಿ ಪ್ರತಿಗಳನ್ನು ದಾಟಿದೆ. ಅದರಲ್ಲಿನ 'ಜಸ್ಟ್ ದ ವೇ ಯೂ ಆರ್' ಗೀತೆ 1979ರಲ್ಲಿ ಎರಡು ಪ್ರಮುಖ ಗ್ರ್ಯಾಮಿ ಪ್ರಶಸ್ತಿಗಳನ್ನು ಗಳಿಸಿತು.

ಅದೇ ಮುದ್ರಿಕೆಯ 'ಓನ್ಲಿ ದ ಗುಡ್ ಡೈ ಯಂಗ್' ನಮ್ಮವರಿಗೆ ಕಸಿವಿಸಿ ತಂದ ಹಾಡು. ಕಥೋಲಿಕ ಹುಡುಗಿಯೊಬ್ಬಳ ಸಂಯಮವನ್ನು ಅದು ಗೇಲಿ ಮಾಡುತ್ತದೆ. ನ್ಯೂಜೆರ್ಸಿಯ ಕಥೋಲಿಕ ವಿಶ್ವವಿದ್ಯಾಲಯವೊಂದರ ರೇಡಿಯೋ ಅದನ್ನು ನಿಷೇಧಿಸಿತು. ನಿಷೇಧದ ಸುದ್ದಿ ಹಬ್ಬಿ ಮಾರಾಟ ಏರಿತು. ಹಾಡು ನಮಗೆ ಹಿಡಿಸದು, ನಿಷೇಧದಿಂದ ಫಲವಾಯಿತೆಂದೂ ಹೇಳಲಾರೆವು.

ಹಾಡುಗಳ ಹಕ್ಕನ್ನು ಕೊನೆಗೆ ಕೊಲಂಬಿಯಾದ ಮುಖ್ಯಸ್ಥರಾಗಿದ್ದ ವಾಲ್ಟರ್ ಯೆಟ್ನಿಕಾಫ್ ರಿಪ್ ಅವರಿಂದ ಬಿಡಿಸಿ ಜೋಯಲ್ ಅವರಿಗೆ ಮರಳಿಸಿದರು. ಅಂಥ ಬಿಡುಗಡೆಗಾರ ಎಲ್ಲರಿಗೂ ಸಿಗುವುದಿಲ್ಲ. ಇಷ್ಟಾದರೂ 1989ರಲ್ಲಿ ಜೋಯಲ್ ತಮ್ಮ ವ್ಯವಸ್ಥಾಪಕರ ಮೇಲೆ 9 ಕೋಟಿ ಡಾಲರುಗಳ ದಾವೆ ಹೂಡಬೇಕಾಯಿತು. ಆ ವ್ಯವಸ್ಥಾಪಕರು ಹೊರಗಿನವರಲ್ಲ, ಅವರ ಮೊದಲ ಪತ್ನಿಯ ಸಹೋದರ.

ಕೀಬೋರ್ಡಿನ ಮುಂದೆ ಕುಳಿತ ನಮ್ಮ ಮಕ್ಕಳಿಗೆ ಕಾನೂನು ತುಸು ಆಸರೆಯಾಗಿದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯಂತೆ, ಚಲನಚಿತ್ರದಲ್ಲಾಗಲಿ ಧ್ವನಿಮುದ್ರಿಕೆಯಲ್ಲಾಗಲಿ ಸೇರಿದ ಹಾಡಿನ ಗೌರವಧನದಲ್ಲಿ ಗೀತರಚನಕಾರನಿಗೂ ಸ್ವರಸಂಯೋಜಕನಿಗೂ ಇರುವ ಸಮಪಾಲಿನ ಹಕ್ಕನ್ನು ಅವರು ಕಂಪೆನಿಗೆ ಬರೆದುಕೊಡುವಂತಿಲ್ಲ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಮಾತ್ರ ಎಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯಿದೆ ಭಾವಿಸುತ್ತದೆ. ಪತ್ರದಲ್ಲಿ 'ಶಾಶ್ವತವಾಗಿ', 'ಜಗತ್ತಿನಾದ್ಯಂತ' ಎಂಬ ಪದಗಳು ಕಂಡರೆ ಸಹಿಗೆ ಮೊದಲು ವಕೀಲರೊಬ್ಬರ ಬಾಗಿಲು ತಟ್ಟಬೇಕು.